ಅವತಾರ್ 4 ಮತ್ತು 5: ಕ್ಯಾಮರೂನ್ ಮುಂದುವರಿಸ್ತಾರಾ, ಇಲ್ಲಿಗೇ ಬಿಡ್ತಾರಾ?

ನೀಲಿ ಬಾಲ:

ಡಿಸ್ನಿ ಪಟ್ಟಿಯಲ್ಲಿ ಅವತಾರ್ 4ಕ್ಕೆ 2029ರ ಡಿಸೆಂಬರ್ 21 ಅಂತ ದಿನಾಂಕ ಕೊಟ್ಟಿದ್ದಾರೆ. ಐದನೆಯದಕ್ಕೆ 2031ರ ಡಿಸೆಂಬರ್ 19. ಇದನ್ನು ನೋಡಿ ಕುಣಿಯುವವರಿಗೆ ಒಂದು ವಿಷಯ ನೆನಪಿಸುತ್ತೇನೆ. ಎರಡನೇ ಭಾಗಕ್ಕೆ ಮೊದಲು ಹೇಳಿದ್ದ ವರ್ಷ 2014. ಅದು ತೆರೆಗೆ ಬಂದದ್ದು 2022ರ ಡಿಸೆಂಬರ್‌ನಲ್ಲಿ. ನಾಲ್ಕನೆಯದರ ದಿನಾಂಕವೂ 2024, 2026 ಅಂತೆಲ್ಲ ಸುತ್ತಿ ಇಲ್ಲಿಗೆ ಬಂದು ನಿಂತಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಹಾಲಿವುಡ್‌ನವರನ್ನು ಮೀರಿಸುವವರಿಲ್ಲ.

ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಮಾತು ಕೇಳಿದರೆ ಇನ್ನೂ ಗೊಂದಲ. ಮೂರನೇ ಭಾಗ ಬಿಡುಗಡೆಯಾಗುವ ಮೊದಲೇ ಅವರು ಹೇಳಿಬಿಟ್ಟಿದ್ದರು: ಇದು ದುಡ್ಡು ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಇನ್ನೊಂದು ಮಾಡುವಷ್ಟು ದುಡ್ಡು ಬರುತ್ತದಾ ಅನ್ನುವುದೇ ಪ್ರಶ್ನೆ. ಬರದಿದ್ದರೆ ಪತ್ರಿಕಾಗೋಷ್ಠಿ ಕರೆದು ಉಳಿದ ಕಥೆ ಹೇಳಿಬಿಡುತ್ತೇನೆ ಅಂದರು. ಪುಸ್ತಕ ಬರೆಯುತ್ತೇನೆ ಅಂತಲೂ ಅಂದರು. ಬಿಡುಗಡೆಗೆ ಮುಂಚೆ ಹೀಗೆ ಮಾತಾಡುವ ನಿರ್ದೇಶಕರು ಎಷ್ಟು ಜನ ಸಿಗುತ್ತಾರೆ ಹೇಳಿ.

ನನ್ನ ಅಂದಾಜು ಇಷ್ಟೇ. ನಾಲ್ಕು ಬರುತ್ತದೆ, ಐದು ಕಷ್ಟ. ಅವರಿಗೆ ಆಸೆ ಇಲ್ಲ ಅಂತಲ್ಲ, ಕಥೆ ಇಲ್ಲ ಅಂತಲೂ ಅಲ್ಲ. ಈ ಸಿನಿಮಾಗಳನ್ನು ಮಾಡುವ ವಿಧಾನವೇ ಅವರ ಕೈ ಕಟ್ಟಿಹಾಕಿದೆ. ನಿಮಗೆಲ್ಲ ಏನನ್ನಿಸುತ್ತದೆ ಬರೆಯಿರಿ. ಮೂರನೆಯದರ ಕಥೆ ಹೇಳುವವರು ದಯವಿಟ್ಟು ಮೊದಲೇ ಎಚ್ಚರಿಕೆ ಹಾಕಿ.


ಲೆಕ್ಕಪಕ್ಕ:

ಗೊಂದಲ ಏನಿಲ್ಲ, ಅವರು ಲೆಕ್ಕ ಹೇಳಿದ್ದಾರೆ ಅಷ್ಟೇ.

2009ರ ಮೊದಲ ಭಾಗ ಮರುಬಿಡುಗಡೆಗಳೂ ಸೇರಿ ಸುಮಾರು 292 ಕೋಟಿ ಡಾಲರ್ ಗಳಿಸಿತು. ಜಗತ್ತಿನಲ್ಲಿ ಯಾವ ಸಿನಿಮಾವೂ ಇಷ್ಟು ಗಳಿಸಿಲ್ಲ. ಎರಡನೆಯದು ಸುಮಾರು 232 ಕೋಟಿ. ಮೂರನೆಯದು 100 ಕೋಟಿ ದಾಟಿತು, ಆದರೆ ಎರಡನೆಯದರ ಹತ್ತಿರಕ್ಕೆ ಹೋಗಲಿಲ್ಲ. ಇಳಿಜಾರು ಕಣ್ಣಿಗೆ ಕಾಣುತ್ತಿದೆ.

"ನೂರು ಕೋಟಿ ಡಾಲರ್ ಬಂದರೂ ಸಾಲದಾ?" ಅಂತ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಅದು ಟಿಕೆಟ್ ಮಾರಿದ ಮೊತ್ತ. ಸ್ಟುಡಿಯೋ ಕೈಗೆ ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ. ಅಮೆರಿಕದಲ್ಲಿ ಹೆಚ್ಚುಕಡಿಮೆ ಅರ್ಧ. ಚೀನಾದಲ್ಲಿ ಸುಮಾರು ಕಾಲು ಭಾಗ. ಬೇರೆ ದೇಶಗಳಲ್ಲಿ ಇವೆರಡರ ನಡುವೆ ಎಲ್ಲೋ. ಮೂರನೇ ಭಾಗದ ಖರ್ಚು 40 ಕೋಟಿ ಡಾಲರ್ ಆಸುಪಾಸು ಅಂತ ವರದಿಗಳಿವೆ. ಜಗತ್ತಿನಾದ್ಯಂತ ಪ್ರಚಾರದ ಖರ್ಚು ಬೇರೆ. ಈಗ ನೀವೇ ಕೂಡಿಸಿ ಕಳೆದು ನೋಡಿ. ಬೇರೆಯವರಿಗೆ ಹಬ್ಬವಾಗುವ ಮೊತ್ತ ಇವರಿಗೆ ಬಡ್ಡಿ ಕಟ್ಟಿದ ಹಾಗೆ.

ಎರಡನೇ ಭಾಗದ ಹೊತ್ತಿಗೆ ಕ್ಯಾಮರೂನ್ ಇನ್ನೂ ನೇರವಾಗಿ ಹೇಳಿದ್ದರು. ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಇದು ಚರಿತ್ರೆಯಲ್ಲೇ ಅತಿ ಹೆಚ್ಚು ಗಳಿಸಿದ ಮೊದಲ ಮೂರು-ನಾಲ್ಕು ಸಿನಿಮಾಗಳಲ್ಲಿ ಒಂದಾಗಬೇಕು ಅಂತ. ಅದು ಆಯಿತು ಕೂಡ. ಆದರೆ ಪ್ರತಿ ಸಲವೂ ಚರಿತ್ರೆ ನಿರ್ಮಿಸಿದರೆ ಮಾತ್ರ ಬದುಕುವ ವ್ಯಾಪಾರವನ್ನು ಎಷ್ಟು ಸಲ ಮಾಡಲಾಗುತ್ತದೆ?

ಇನ್ನೊಂದು ಸಂಗತಿ. ಮೊದಲ ಭಾಗ ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೆ ಗಳಿಸಿದ್ದು 7.7 ಕೋಟಿ ಡಾಲರ್ ಮಾತ್ರ. ಆ ಓಟ ಮುಗಿಯುವಾಗ ಅಲ್ಲಿನ ಮೊತ್ತ 75 ಕೋಟಿ ಮುಟ್ಟಿತ್ತು, ಅಂದರೆ ಹೆಚ್ಚುಕಡಿಮೆ ಹತ್ತು ಪಟ್ಟು. ಎರಡನೆಯದು 13.4 ಕೋಟಿಯಿಂದ ಶುರುವಾಗಿ 68 ಕೋಟಿಗೆ ನಿಂತಿತು, ಅದು ಐದು ಪಟ್ಟು. ಅದೂ ದೊಡ್ಡದೇ. ಆದರೆ "ಹೋಗಿ ನೋಡಲೇಬೇಕು ಕಣಯ್ಯಾ" ಅಂತ ಒಬ್ಬರು ಇನ್ನೊಬ್ಬರನ್ನು ಎಳೆದುಕೊಂಡು ಹೋಗುವ ಆ ಹುಚ್ಚು ಕಡಿಮೆಯಾಗುತ್ತಿದೆ. ಮೊದಲ ಸಲ ಎಲ್ಲವೂ ಹೊಸದು. ಮೂರನೇ ಸಲಕ್ಕೆ ಕಣ್ಣು ಒಗ್ಗಿಹೋಗಿರುತ್ತದೆ.


ಅರ್ಧ ಟಿಕೆಟ್:

ಇಷ್ಟು ಚರ್ಚೆ ಯಾಕೆ ಸ್ವಾಮಿ? ರಸ್ತೆಯಲ್ಲಿ ಹತ್ತು ಜನರನ್ನು ನಿಲ್ಲಿಸಿ ಅವತಾರ್‌ನಲ್ಲಿ ಬರುವ ಮೂರು ಪಾತ್ರಗಳ ಹೆಸರು ಕೇಳಿ. ಒಬ್ಬರೂ ಹೇಳಲ್ಲ. ನೀಲಿ ಜನ, ದೊಡ್ಡ ಮರ, 3ಡಿ ಕನ್ನಡಕ, ಇಷ್ಟೇ ನೆನಪಿರುವುದು. ಜನಕ್ಕೆ ಬೇಡದ ಕಥೆ ಮುಂದುವರಿದರೆಷ್ಟು, ಬಿಟ್ಟರೆಷ್ಟು.


ನೀಲಿ ಬಾಲ:

@ಅರ್ಧ ಟಿಕೆಟ್, ಈ ವಾದ 2022ರಲ್ಲೂ ಕೇಳಿದ್ದೇ. ಹದಿಮೂರು ವರ್ಷ ಆಯಿತು, ಯಾರಿಗೂ ನೆನಪಿಲ್ಲ, ಯಾರು ಹೋಗುತ್ತಾರೆ ಅಂದರು. ಆಮೇಲೆ 232 ಕೋಟಿ ಡಾಲರ್ ಟಿಕೆಟ್ ಕೊಂಡವರು ಯಾರು ಮಾರಾಯ್ರೇ? ಹೆಸರು ನೆನಪಿಟ್ಟುಕೊಂಡು ಸಿನಿಮಾಕ್ಕೆ ಹೋಗಲು ಅದೇನು ಪರೀಕ್ಷೆಯಾ? ಆ ಲೋಕದಲ್ಲಿ ಮೂರು ಗಂಟೆ ಕೂತುಬರೋಣ ಅಂತ ಜನ ಹೋಗುತ್ತಾರೆ. ಬೇಡದವರು ಬೇಡ ಅನ್ನಲಿ, ಆದರೆ "ಜನಕ್ಕೆ ಬೇಡ" ಅನ್ನಬೇಡಿ.


ರೆಂಡರ್ ಆಗ್ತಿದೆ:

ನಾನು ಗ್ರಾಫಿಕ್ಸ್ ಕೆಲಸದಲ್ಲಿದ್ದೇನೆ. ಇಷ್ಟು ದೊಡ್ಡದರಲ್ಲಿ ಅಲ್ಲ, ಸಣ್ಣ ಮಟ್ಟದಲ್ಲಿ. ನೀಲಿ ಬಾಲ ಹೇಳಿದ "ಮಾಡುವ ವಿಧಾನ" ಅನ್ನುವ ಮಾತನ್ನು ಸ್ವಲ್ಪ ಬಿಡಿಸುತ್ತೇನೆ. ಯಾಕೆಂದರೆ ತಡ ಆಗುವುದನ್ನು ಸೋಮಾರಿತನ ಅಂದುಕೊಂಡವರು ಜಾಸ್ತಿ ಇದ್ದಾರೆ.

ಸಾಮಾನ್ಯ ಸಿನಿಮಾದಲ್ಲಿ ನಟ, ಬೆಳಕು, ಕ್ಯಾಮೆರಾ ಮೂರೂ ಒಂದೇ ಹೊತ್ತಿಗೆ ಕೆಲಸ ಮಾಡುತ್ತವೆ. "ಕಟ್" ಅಂದರೆ ಶಾಟ್ ಸಿಕ್ಕಿತು. ಇಲ್ಲಿ ಹಾಗಲ್ಲ. ಮೊದಲು ನಟರು ಖಾಲಿ ಸ್ಟೇಜ್‌ನಲ್ಲಿ ಚುಕ್ಕಿ ಅಂಟಿಸಿದ ಬಿಗಿ ಉಡುಪು ಹಾಕಿ ಅಭಿನಯಿಸುತ್ತಾರೆ. ತಲೆಗೆ ಕಟ್ಟಿದ ಕಡ್ಡಿಯಿಂದ ಒಂದು ಪುಟ್ಟ ಕ್ಯಾಮೆರಾ ಮುಖದ ಮುಂದೆ ನೇತಾಡುತ್ತಿರುತ್ತದೆ. ಮೊದಲ ಭಾಗದಲ್ಲಿ ಒಂದು ಇತ್ತು, ಆಮೇಲೆ ಎರಡು ಮಾಡಿದರು. ಸುತ್ತಲಿನ ಕ್ಯಾಮೆರಾಗಳು ಬರೀ ಚಲನೆಯನ್ನು ಹಿಡಿಯುತ್ತವೆ, ಚಿತ್ರ ತೆಗೆಯುವುದಿಲ್ಲ. ಯಾವ ಟೇಕ್ ಚೆನ್ನಾಗಿದೆ ಅಂತ ಎಡಿಟಿಂಗ್‌ನಲ್ಲಿ ಆರಿಸುತ್ತಾರೆ. ನಟರೆಲ್ಲ ಮನೆಗೆ ಹೋಗಿ ಎಷ್ಟೋ ಕಾಲದ ಮೇಲೆ ಕ್ಯಾಮರೂನ್ ಒಬ್ಬರೇ ಖಾಲಿ ಸ್ಟೇಜ್‌ಗೆ ಬರುತ್ತಾರೆ. ಕೈಯಲ್ಲಿ ಪರದೆ ಇರುವ ಒಂದು ಸಾಧನ ಹಿಡಿದು ಓಡಾಡುತ್ತಾರೆ. ಆ ಪರದೆಯಲ್ಲಿ ಕಥೆ ನಡೆಯುವ ಲೋಕ ಪ್ಯಾಂಡೋರಾ ಕಾಣುತ್ತದೆ, ಅಭಿನಯವೂ ಕಾಣುತ್ತದೆ. ಕ್ಲೋಸಪ್ ಎಲ್ಲಿ, ದೂರದ ಶಾಟ್ ಎಲ್ಲಿ ಅಂತ ಆಗ ತೀರ್ಮಾನವಾಗುತ್ತದೆ. ಅಂದರೆ ಚಿತ್ರೀಕರಣ ಅನ್ನುವುದೇ ಎರಡು ಸಲ ಆಗುತ್ತದೆ. ಇದೆಲ್ಲ ಮುಗಿದ ಮೇಲೆ ನ್ಯೂಜಿಲೆಂಡ್‌ನ ವೆಲ್ಲಿಂಗ್ಟನ್‌ನಲ್ಲಿರುವ ಗ್ರಾಫಿಕ್ಸ್ ಕಂಪನಿ ವೇಟಾ ಎಫ್‌ಎಕ್ಸ್‌ನವರ ಕೆಲಸ ಶುರು.

ನೀರಿನ ಕಥೆ ಇನ್ನೂ ಒಂದು ತೂಕ ಮೇಲೆ. ಎರಡನೇ ಭಾಗಕ್ಕೆ ಸುಮಾರು ಒಂಬತ್ತು ಲಕ್ಷ ಗ್ಯಾಲನ್ ನೀರು ಹಿಡಿಯುವ ತೊಟ್ಟಿ ಕಟ್ಟಿದರು. ನೀರೊಳಗೆ ಚಲನೆ ಹಿಡಿಯಲು ಹೋದರೆ ದೊಡ್ಡ ಶತ್ರು ಬೆಳಕು. ಮೇಲಿನ ದೀಪಗಳು ನೀರಿನ ಮೇಲ್ಮೈಯಲ್ಲಿ ಕುಣಿದು ಸಾವಿರ ಸುಳ್ಳು ಚುಕ್ಕಿ ಮಾಡುತ್ತವೆ. ಉಡುಪಿನ ಚುಕ್ಕಿ ಯಾವುದು, ಬೆಳಕಿನದು ಯಾವುದು ಅಂತ ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ. ಅದಕ್ಕೆ ನೀರಿನ ಮೇಲೆಲ್ಲ ಚಿಕ್ಕ ಬಿಳಿ ಪ್ಲಾಸ್ಟಿಕ್ ಚೆಂಡುಗಳನ್ನು ತೇಲಿಬಿಟ್ಟರು. ಬೆಳಕು ಹರಡಿ ಒಳಗೆ ಬರುತ್ತದೆ, ಚುಕ್ಕಿ ಬೀಳುವುದಿಲ್ಲ. ಅಕಸ್ಮಾತ್ ನಟರು ಮೇಲೆ ಬರಬೇಕಾದರೆ ಚೆಂಡುಗಳ ನಡುವೆ ತಲೆ ತೂರಿಸಿಕೊಂಡು ಬರಬಹುದು. ಸರಿ, ಮೇಲಿನ ತೊಂದರೆ ತೀರಿತು. ಒಳಗೆ? ಉಸಿರಾಟಕ್ಕೆ ಗಾಳಿಯ ಸಿಲಿಂಡರ್ ಹಾಕಿದರೆ ಗುಳ್ಳೆ ಏಳುತ್ತದೆ. ಗುಳ್ಳೆಯೂ ಸುಳ್ಳು ಚುಕ್ಕಿಯೇ. ಹಾಗಾಗಿ ಎಲ್ಲರೂ ಉಸಿರು ಬಿಗಿಹಿಡಿದೇ ಅಭಿನಯಿಸಬೇಕಾಯಿತು. ಕೇಟ್ ವಿನ್ಸ್ಲೆಟ್ ತರಬೇತಿ ತೆಗೆದುಕೊಂಡು ಏಳು ನಿಮಿಷದ ಮೇಲೆ ಉಸಿರು ಹಿಡಿದರು. ಇದನ್ನೆಲ್ಲ ಮುಂದಿನ ವರ್ಷದ ಬೇಸಿಗೆಗೆ ಬಿಡುಗಡೆ ಮಾಡಿ ಅಂದರೆ ಆಗುತ್ತಾ?

ಆದರೆ ಲೆಕ್ಕಪಕ್ಕ ಅವರ ಲೆಕ್ಕಕ್ಕೆ ಒಂದು ತಿದ್ದುಪಡಿ ಬೇಕು. ಕಾಡು, ಹವಳದ ದಂಡೆ, ಪ್ರಾಣಿಗಳು, ಮುಖ್ಯ ಪಾತ್ರಗಳ ಮುಖ, ನೀರು ಹರಿಯುವ ರೀತಿ, ಇವನ್ನೆಲ್ಲ ಆಗಲೇ ಕಟ್ಟಿ ಇಟ್ಟಿದ್ದಾರೆ. ನಾಲ್ಕನೆಯದು ಸೊನ್ನೆಯಿಂದ ಶುರುವಾಗಬೇಕಿಲ್ಲ. ಎರಡನೆಯದಕ್ಕೆ ಹದಿಮೂರು ವರ್ಷ ಹಿಡಿಯಿತು ಅಂತ ಇದಕ್ಕೂ ಅದೇ ಅಳತೆ ಹಿಡಿಯುವುದು ಸರಿಯಲ್ಲ.


ಲೆಕ್ಕಪಕ್ಕ:

@ರೆಂಡರ್ ಆಗ್ತಿದೆ, ಕಟ್ಟಿ ಇಟ್ಟಿದ್ದರೆ ಮೂರನೆಯದರ ಖರ್ಚು ಇಳಿಯಬೇಕಿತ್ತಲ್ಲ? ಎರಡನ್ನೂ ಒಟ್ಟಿಗೆ ಚಿತ್ರೀಕರಿಸಿದ್ದೂ ಅದಕ್ಕೇ ಅಲ್ವಾ?


ರೆಂಡರ್ ಆಗ್ತಿದೆ:

ಒಟ್ಟಿಗೆ ಮಾಡಿದ್ದು ನಟರ ಕೆಲಸ. 2017ರ ಸೆಪ್ಟೆಂಬರ್‌ನಲ್ಲಿ ಎರಡು ಮತ್ತು ಮೂರರ ಕ್ಯಾಪ್ಚರ್, ಅಂದರೆ ನಟರ ಚಲನೆ ಹಿಡಿಯುವ ಕೆಲಸ, ಶುರುವಾಯಿತು. ಆಮೇಲೆ ನ್ಯೂಜಿಲೆಂಡ್‌ನಲ್ಲಿ ಮನುಷ್ಯ ಪಾತ್ರಗಳ ಚಿತ್ರೀಕರಣ. ಅದರ ಮಧ್ಯೆ ಕೋವಿಡ್ ಬಂತು, 2020ರಲ್ಲಿ ಮುಗಿಸಿದರು. ಖರ್ಚಿನ ದೊಡ್ಡ ಪಾಲು ಆಮೇಲಿನದು. ಒಂದೊಂದು ಶಾಟ್ ಮೇಲೂ ಕಲಾವಿದರು ಕೂತು ತಿದ್ದಬೇಕು. ನೀಲಿ ಚರ್ಮದ ಮೇಲೆ ಬೆಂಕಿಯ ಬೆಳಕು ಹೇಗೆ ಬೀಳಬೇಕು ಅನ್ನುವುದಕ್ಕೆ ಗೋದಾಮಿನಲ್ಲಿ ಸಿದ್ಧ ಸರಕು ಇರುವುದಿಲ್ಲ. ಮೂರು ಗಂಟೆ ಹದಿನೇಳು ನಿಮಿಷದ ಸಿನಿಮಾ, ಅದರಲ್ಲಿ ಗ್ರಾಫಿಕ್ಸ್ ಇಲ್ಲದ ಶಾಟ್ ಹುಡುಕಬೇಕು.

ಕ್ಯಾಮರೂನ್ ಕೈಯಿಡಲು ನೋಡುತ್ತಿರುವುದು ಇಲ್ಲಿಗೇ. 2024ರ ಸೆಪ್ಟೆಂಬರ್‌ನಲ್ಲಿ ಅವರು ಸ್ಟೆಬಿಲಿಟಿ ಎಐ ಕಂಪನಿಯ ನಿರ್ದೇಶಕ ಮಂಡಳಿ ಸೇರಿದರು. ತುಂಬ ಜನ ಬೈದರು. ಅವರು ಕೊಟ್ಟ ಉತ್ತರದ ಸಾರ ಏನೆಂದರೆ, ಅರ್ಧ ಜನರನ್ನು ಮನೆಗೆ ಕಳಿಸುವುದು ಉದ್ದೇಶ ಅಲ್ಲ, ಒಂದು ಶಾಟ್ ಮುಗಿಸುವ ವೇಗ ಎರಡು ಪಟ್ಟು ಆಗಬೇಕು. ನಟರ ಜಾಗಕ್ಕೆ ಯಂತ್ರ ತರುವುದಕ್ಕೆ ಅವರ ವಿರೋಧವೇ ಇದೆ. ನಮ್ಮ ಕ್ಷೇತ್ರದವರಿಗೆ ಇದರ ಮೇಲೆ ಪೂರ್ತಿ ನಂಬಿಕೆ ಇಲ್ಲ, ನನಗೂ ಇಲ್ಲ. ವೇಗ ಎರಡು ಪಟ್ಟಾದ ಕಡೆ ಜನ ಅಷ್ಟೇ ಉಳಿದ ಉದಾಹರಣೆ ಕಡಿಮೆ. ಆದರೂ ಒಂದು ಮಾತು ಒಪ್ಪಬೇಕು. ಅವರು ನಾಲ್ಕನೆಯದನ್ನು ಕೈಬಿಡುವ ಮನಸ್ಸಿನಲ್ಲಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಡಿಮೆ ಖರ್ಚಿನಲ್ಲಿ ಮಾಡುವ ದಾರಿ ಹುಡುಕಬೇಕು ಅಂತ ಅವರೇ ಹೇಳುತ್ತಿದ್ದಾರೆ.


ಮಧ್ಯಂತರ:

ಮಕ್ಕಳ ಪಾತ್ರ ಮಾಡುವವರ ವಿಷಯ ಯಾರೂ ಎತ್ತಲಿಲ್ಲವಲ್ಲ? ಇಷ್ಟು ವರ್ಷದಲ್ಲಿ ಆ ಹುಡುಗರೆಲ್ಲ ಬೆಳೆದುಬಿಟ್ಟರು, ಮುಂದಿನ ಭಾಗದಲ್ಲಿ ಏನು ಮಾಡುತ್ತಾರೆ ಅಂತ ಕೇಳುವವರಿದ್ದಾರೆ.

ನೀಲಿ ಪಾತ್ರಗಳಿಗೆ ಇದು ತೊಂದರೆಯೇ ಅಲ್ಲ. ಸಿಗೋರ್ನಿ ವೀವರ್ ಹುಟ್ಟಿದ್ದು 1949ರಲ್ಲಿ. ಅವರು ಮಾಡುತ್ತಿರುವುದು ಕಿರಿ ಅನ್ನುವ ಹದಿನಾಲ್ಕರ ಹುಡುಗಿಯ ಪಾತ್ರ. ಮುಖದ ಸುಕ್ಕು ತೆರೆಗೆ ಬರುವುದಿಲ್ಲ, ಮುಖದ ಭಾವ ಮಾತ್ರ ಬರುತ್ತದೆ. ವಯಸ್ಸಾಗುವ ಸಮಸ್ಯೆ ಇರುವುದು ಒಬ್ಬನಿಗೆ: ಮನುಷ್ಯ ಹುಡುಗ ಸ್ಪೈಡರ್. ಆ ಮಕ್ಕಳ ಗುಂಪಿನಲ್ಲಿ ಸ್ವಂತ ಮುಖ ಇಟ್ಟುಕೊಂಡು ಓಡಾಡುವವನು ಅವನೇ. ಆ ಪಾತ್ರ ಮಾಡುವ ಜ್ಯಾಕ್ ಚಾಂಪಿಯನ್ ಎಲ್ಲರ ಜೊತೆ ಕ್ಯಾಪ್ಚರ್‌ನಲ್ಲಿ ಒಂದು ಸಲ, ಆಮೇಲೆ ನಿಜವಾದ ಕ್ಯಾಮೆರಾ ಮುಂದೆ ಇನ್ನೊಂದು ಸಲ ಅದೇ ಅಭಿನಯ ಮಾಡಬೇಕಾಗಿತ್ತು. ಅಷ್ಟರಲ್ಲಿ ಅವನ ಎತ್ತರವೇ ಬದಲಾಗಿತ್ತು. ಪಾಪ.

ಅದಕ್ಕೇ ಕ್ಯಾಮರೂನ್ ಜಾಣತನ ಮಾಡಿದ್ದಾರೆ. ನಾಲ್ಕನೇ ಭಾಗದ ಆರಂಭದಲ್ಲಿ ಮಕ್ಕಳಿರುವ ಭಾಗಗಳನ್ನು ಎರಡು ಮತ್ತು ಮೂರರ ಜೊತೆಗೇ ಮಾಡಿ ಇಟ್ಟುಕೊಂಡಿದ್ದಾರೆ. ಅದಾದ ಮೇಲೆ ಕಥೆ ಕೆಲವು ವರ್ಷ ಮುಂದಕ್ಕೆ ಜಿಗಿಯುತ್ತದೆ. ಅಂದರೆ ತಡವಾದಷ್ಟೂ ಒಳ್ಳೆಯದೇ. ಹುಡುಗ ದೊಡ್ಡವನಾಗಿ ಬರಬೇಕಾದ ಹೊತ್ತಿಗೆ ದೊಡ್ಡವನೇ ಆಗಿರುತ್ತಾನೆ. ಆಗಲೇ ಸ್ವಲ್ಪ ಮಾಡಿಟ್ಟ ಸಿನಿಮಾವನ್ನು ಸುಮ್ನೆ ಬಿಸಾಡುತ್ತಾರೆ ಅಂತ ನನಗನ್ನಿಸುವುದಿಲ್ಲ.

ಇನ್ನು ಕಥೆಗೆ ಬಂದರೆ, ಮುಂದಿನ ಪ್ಯಾರಾದಲ್ಲಿ ಸ್ಪಾಯ್ಲರ್ ಇದೆ, ಮೂರನೆಯದು ನೋಡದವರು ಬಿಟ್ಟು ಮುಂದೆ ಹೋಗಿ.

ಎರಡನೇ ಭಾಗದಲ್ಲೇ ಸೇನೆಯ ಮುಖ್ಯಸ್ಥೆ ಹೇಳಿದ್ದು ನೆನಪಿದೆಯಾ? ಭೂಮಿ ಸಾಯುತ್ತಿದೆ, ಪ್ಯಾಂಡೋರಾವನ್ನು ಮನುಷ್ಯರ ಹೊಸ ಮನೆ ಮಾಡುವುದೇ ನಮ್ಮ ಕೆಲಸ ಅಂತ. ಅದಕ್ಕೆ ಅಡ್ಡ ಇದ್ದದ್ದು ಅಲ್ಲಿನ ಗಾಳಿ. ಮೂರನೆಯದರಲ್ಲಿ ಸ್ಪೈಡರ್ ಮುಖವಾಡ ಇಲ್ಲದೆ ಆ ಗಾಳಿ ಉಸಿರಾಡುತ್ತಾನೆ. ಅದು ಹೇಗೆ ಅಂತ ಮನುಷ್ಯರಿಗೆ ಗೊತ್ತಾದ ದಿನ ಇಡೀ ಗ್ರಹಕ್ಕೆ ಬೇಲಿಯೇ ಇಲ್ಲ. ಇಷ್ಟು ದೊಡ್ಡ ಬಾಗಿಲು ತೆರೆದಿಟ್ಟು ಯಾರಾದರೂ ಎದ್ದು ಹೋಗುತ್ತಾರಾ?


ಅರ್ಧ ಟಿಕೆಟ್:

@ಮಧ್ಯಂತರ, ಬಾಗಿಲು ತೆರೆದಿಟ್ಟು ಎದ್ದು ಹೋದ ಸಿನಿಮಾಗಳು ಬೇಕಾದಷ್ಟಿವೆ. ಡೈವರ್ಜೆಂಟ್ ಅಂತ ಒಂದು ಸರಣಿ ಇತ್ತು. ಕೊನೆಯ ಪುಸ್ತಕವನ್ನು ಎರಡು ಸಿನಿಮಾ ಮಾಡುತ್ತೇವೆ ಅಂತ ಹೊರಟರು. 2016ರಲ್ಲಿ ಮೊದಲ ಅರ್ಧ ಮಲಗಿತು, ಎರಡನೇ ಅರ್ಧ ಬರಲೇ ಇಲ್ಲ. ಕಥೆ ಉಳಿದಿದೆ ಅನ್ನುವುದು ಯಾವ ಸ್ಟುಡಿಯೋಗೂ ಕಾರಣ ಆಗುವುದಿಲ್ಲ.

ವಯಸ್ಸೂ ನೋಡಿ. ಕ್ಯಾಮರೂನ್ ಹುಟ್ಟಿದ್ದು 1954ರ ಆಗಸ್ಟ್‌ನಲ್ಲಿ. ಹೇಳಿದ ದಿನಕ್ಕೇ ಬಂದರೂ ನಾಲ್ಕನೆಯದರ ಹೊತ್ತಿಗೆ 75, ಐದನೆಯದಕ್ಕೆ 77. ಹೇಳಿದ ದಿನಕ್ಕೆ ಇವರು ಯಾವಾಗ ಬಂದಿದ್ದಾರೆ?


ಹಳೇ ಟರ್ಮಿನೇಟರ್:

ವಯಸ್ಸಿನ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ರಿಡ್ಲಿ ಸ್ಕಾಟ್ ಎಂಬತ್ತೈದು ದಾಟಿದ ಮೇಲೂ 2023ರಲ್ಲಿ ಒಂದು, 2024ರಲ್ಲಿ ಒಂದು ದೊಡ್ಡ ಸಿನಿಮಾ ತಂದರು. ಕ್ಲಿಂಟ್ ಈಸ್ಟ್‌ವುಡ್ 93ಕ್ಕೂ ನಿರ್ದೇಶನ ಮಾಡಿದರು. ವಯಸ್ಸೇ ಅಡ್ಡಿ ಅಲ್ಲ. ಆದರೆ ಅವರ ಕೆಲಸದ ರೀತಿ ಬೇರೆ. ಸ್ಕಾಟ್ ಹಲವು ಕ್ಯಾಮೆರಾ ಒಟ್ಟಿಗೆ ಇಟ್ಟು ಸರಸರ ಮುಗಿಸುತ್ತಾರೆ. ಕ್ಯಾಮರೂನ್ ಒಂದು ಸಿನಿಮಾಗೆ ಐದಾರು ವರ್ಷ ತೆಗೆದುಕೊಳ್ಳುತ್ತಾರೆ. 1997ರ ಟೈಟಾನಿಕ್ ಆದ ಮೇಲೆ ಅವರು ನಿರ್ದೇಶಿಸಿದ ಕಥಾಚಿತ್ರಗಳು ಮೂರೇ, ಮೂರೂ ಅವತಾರ್. ಮಧ್ಯೆ ಸಮುದ್ರದ ತಳಕ್ಕೂ ಹೋಗಿ ಬಂದರು ಮಹಾರಾಯರು. 2012ರಲ್ಲಿ ಒಬ್ಬರೇ ಚಾಲೆಂಜರ್ ಡೀಪ್‌ಗೆ ಇಳಿದರಲ್ಲ, ಹತ್ತೂವರೆ ಕಿಲೋಮೀಟರ್‌ಗಿಂತ ಆಳ. ಎಪ್ಪತ್ತು ದಾಟಿದವರ ಮುಂದೆ ಎರಡು ಸಿನಿಮಾ ಅಂದರೆ ಹತ್ತು ವರ್ಷದ ಮಾತು. ಅವರಿಗೆ ಬೇರೆ ಆಸೆಗಳೂ ಇವೆ. ಹಿರೋಷಿಮಾ ಬಾಂಬ್ ಕುರಿತ ಪುಸ್ತಕದ ಹಕ್ಕು ತೆಗೆದುಕೊಂಡು ಅದನ್ನು ಮಾಡಿಯೇ ತೀರುತ್ತೇನೆ ಅನ್ನುತ್ತಿದ್ದಾರೆ.

ಹಾಗಾದರೆ ಬೇರೆಯವರ ಕೈಗೆ ಕೊಡಲಿ ಅಂತ ನೀವು ಅನ್ನಬಹುದು. 2022ರಲ್ಲಿ ಅವರೇ ಅಂದಿದ್ದರು, ಮೂರಾದ ಮೇಲೋ ನಾಲ್ಕಾದ ಮೇಲೋ ನಂಬಿಕೆಯ ನಿರ್ದೇಶಕರೊಬ್ಬರಿಗೆ ಒಪ್ಪಿಸಬಹುದು ಅಂತ. ಆಮೇಲೆ ಆ ಮಾತು ತಣ್ಣಗಾಯಿತು, ಆರೋಗ್ಯ ಇದೆ, ನಾನೇ ಮಾಡುತ್ತೇನೆ ಅನ್ನತೊಡಗಿದರು. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಒಪ್ಪಿಸಿದರೆ ಏನಾಗುತ್ತದೆ ಅಂತ ಅವರಷ್ಟು ಕಂಡವರು ಯಾರೂ ಇಲ್ಲ.

ಟರ್ಮಿನೇಟರ್ 1984ರಲ್ಲಿ ಮಾಡಿದರು, ಎರಡನೆಯದು 1991ರಲ್ಲಿ. ಕಥೆ ಅಲ್ಲಿಗೆ ಮುಗಿದಿತ್ತು. 2003ರಲ್ಲಿ ಬೇರೆಯವರು ಮೂರನೆಯದು ಮಾಡಿದರು, ಆಮೇಲೆ ಇನ್ನೂ ಬಂದವು. ಕೊನೆಗೆ 2019ರಲ್ಲಿ ಇವರೇ ನಿರ್ಮಾಪಕರಾಗಿ ನಿಂತು ಟಿಮ್ ಮಿಲ್ಲರ್ ಕೈಯಲ್ಲಿ ಒಂದು ಮಾಡಿಸಿದರು. ಅದೂ ನಷ್ಟ. ಅವರೇ ನಿರ್ದೇಶಿಸಿದ ಏಲಿಯನ್ಸ್ ನೋಡಿ, 1986. ಎರಡೂಕಾಲು ಗಂಟೆ ಒದ್ದಾಡಿ ಒಂದು ಚಿಕ್ಕ ಹುಡುಗಿಯನ್ನೂ ಒಬ್ಬ ಸೈನಿಕನನ್ನೂ ಬದುಕಿಸಿ ಕರೆತರುತ್ತಾರೆ. 1992ರಲ್ಲಿ ಬೇರೆಯವರ ಕೈಯಲ್ಲಿ ಮುಂದಿನ ಭಾಗ ಬಂತು. ಶುರುವಿನಲ್ಲೇ ಇಬ್ಬರೂ ಸತ್ತಿದ್ದಾರೆ! ಕ್ಯಾಮರೂನ್ ಅದನ್ನು ಬಹಿರಂಗವಾಗಿಯೇ ಬೈದಿದ್ದಾರೆ. ಆ ಮನುಷ್ಯ ಅವತಾರ್‌ನ ಮುಖ್ಯ ಜೋಡಿ ಜೇಕ್ ಮತ್ತು ನೇಯ್ಟಿರಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಮನೆಯಲ್ಲಿ ಕೂರುತ್ತಾರಾ? ಅಲೀಟಾ ಸಿನಿಮಾದ ಒಂದು ಉದಾಹರಣೆ ಇದೆ ಅನ್ನುತ್ತೀರಿ. ಹೌದು, ವರ್ಷಗಟ್ಟಲೆ ಇಟ್ಟುಕೊಂಡಿದ್ದ ಕಥೆಯನ್ನು ರಾಬರ್ಟ್ ರೊಡ್ರಿಗೆಜ್‌ಗೆ ಕೊಟ್ಟರು, 2019ರಲ್ಲಿ ಬಂತು, ಚೆನ್ನಾಗಿಯೇ ಇತ್ತು. ಆದರೆ ಅದು ಕೈ ಖಾಲಿ ಇಲ್ಲದಾಗ ಕೊಟ್ಟದ್ದು. ಕೈ ಖಾಲಿ ಇಲ್ಲದಿರಲು ಕಾರಣವೇ ಅವತಾರ್.

ಇನ್ನೊಂದು ಮಾತು ಹೇಳಬೇಕು. ಜಾನ್ ಲ್ಯಾಂಡೌ 2024ರ ಜುಲೈನಲ್ಲಿ ತೀರಿಕೊಂಡರು. ಟೈಟಾನಿಕ್‌ನಿಂದ ಜೊತೆಗಿದ್ದ ನಿರ್ಮಾಪಕ. ಕ್ಯಾಮರೂನ್ ಕನಸು ಕಾಣುತ್ತಿದ್ದರೆ, ಅದಕ್ಕೆ ಜನ, ಜಾಗ, ದುಡ್ಡು ಹೊಂದಿಸುತ್ತಿದ್ದವರು ಅವರು. ಐದನೇ ಭಾಗದಲ್ಲಿ ಕಥೆ ಭೂಮಿಗೆ ಬರುತ್ತದೆ, ನೇಯ್ಟಿರಿ ನಮ್ಮ ಲೋಕವನ್ನು ನೋಡುತ್ತಾಳೆ ಅಂತ ಮೊದಲು ಹೇಳಿದ್ದೂ ಲ್ಯಾಂಡೌ. ಅಂಥವರಿಲ್ಲದೆ ಇನ್ನೆರಡು ಸಿನಿಮಾದ ಹೊರೆ ಹೊರುವುದು ದುಡ್ಡಿನ ಲೆಕ್ಕದಲ್ಲಿ ಕಾಣದ ಕಷ್ಟ.


ನೀಲಿ ಬಾಲ:

@ಹಳೇ ಟರ್ಮಿನೇಟರ್, ಭೂಮಿಯ ವಿಷಯ ನೆನಪಿಸಿದ್ದಕ್ಕೆ ಥ್ಯಾಂಕ್ಸ್. ನನಗೆ ಐದನೆಯದು ಬೇಕು ಅನ್ನಿಸುವುದೇ ಅದಕ್ಕೆ. ಇಷ್ಟು ದಿನ ಮನುಷ್ಯರು ಅವರ ಮನೆಗೆ ನುಗ್ಗಿದ್ದನ್ನು ನೋಡಿದ್ದೇವೆ. ನೇಯ್ಟಿರಿಯಂಥವಳು, ಮನುಷ್ಯರನ್ನು ಕಂಡರೆ ಕೆಂಡವಾಗುವವಳು, ನಮ್ಮ ಬೀದಿಯಲ್ಲಿ ನಿಂತರೆ ಹೇಗಿರುತ್ತದೆ? ಆ ಒಂದು ದೃಶ್ಯಕ್ಕೆ ನಾನು ಟಿಕೆಟ್ ತೆಗೆದುಕೊಳ್ಳುತ್ತೇನೆ.

ಪುಸ್ತಕದಲ್ಲಿ ಓದಿಕೊಳ್ಳಿ ಅಂದರೆ ನನಗೆ ಬೇಡ. ಈ ಹಿಂದೆ ಒಂದು ಸಲ ಹಾಗೆ ಆಗಿದೆ, ತುಂಬ ಜನರಿಗೆ ಗೊತ್ತಿಲ್ಲ. ಎರಡನೇ ಭಾಗಕ್ಕೆ ಅಂತ ದಿ ಹೈ ಗ್ರೌಂಡ್ ಅನ್ನುವ ಪೂರ್ತಿ ಚಿತ್ರಕಥೆ ಬರೆದು, ಸರಿಹೋಗಲಿಲ್ಲ ಅಂತ ಪಕ್ಕಕ್ಕಿಟ್ಟರು. ಅದು 2022ರಲ್ಲಿ ಕಾಮಿಕ್ಸ್ ಆಗಿ ಬಂತು. ಕಥೆ ಸಿಕ್ಕಿತು, ಸರಿ. ಆದರೆ ಪುಟ ತಿರುಗಿಸುವಾಗ ಆ ಲೋಕ ಮೈಮೇಲೆ ಬರುವುದಿಲ್ಲ. ಅವತಾರ್‌ನಲ್ಲಿ ಕಥೆ ಯಾವತ್ತೂ ಸರಳವೇ. ಅದನ್ನು ಬರೀ ಕಥೆಯಾಗಿ ಕೊಟ್ಟರೆ ಅರ್ಧ ಟಿಕೆಟ್ ಅವರ ವಾದವೇ ಗೆದ್ದುಬಿಡುತ್ತದೆ.


ಅರ್ಧ ಟಿಕೆಟ್:

ಅಂತೂ ಒಪ್ಪಿದಿರಿ, ಕಥೆ ಸರಳ ಅಂತ :)


ಕುತೂಹಲಿ:

ಹೊಸಬ ಇಲ್ಲಿ. ಒಟಿಟಿಯಲ್ಲಿ ಸರಣಿಯಾಗಿ ಮಾಡಿಬಿಟ್ಟರೆ ಆಗಲ್ವಾ? ಎಂಟು ಕಂತು, ಖರ್ಚೂ ಹಂಚಿಹೋಗುತ್ತದೆ.


ಲೆಕ್ಕಪಕ್ಕ:

@ಕುತೂಹಲಿ, ಖರ್ಚು ಹಂಚಿಹೋಗುವುದಿಲ್ಲ, ಗುಣಿಸಿಕೊಳ್ಳುತ್ತದೆ. ಎಂಟು ಕಂತು ಅಂದರೆ ಎರಡೂವರೆ ಅವತಾರ್‌ನಷ್ಟು ಉದ್ದ. ಒಂದೊಂದು ನಿಮಿಷಕ್ಕೂ ಗ್ರಾಫಿಕ್ಸ್ ಬೇಕು. ಅದೂ ಅಲ್ಲದೆ ಈ ಸಿನಿಮಾಗಳ ಗಳಿಕೆಯಲ್ಲಿ 3ಡಿ ಮತ್ತು ಐಮ್ಯಾಕ್ಸ್‌ನ ದುಬಾರಿ ಟಿಕೆಟ್ ಪಾಲು ದೊಡ್ಡದು. ಮನೆಯ ಟೀವಿಗೆ ತಂದರೆ ಅದೂ ಹೋಯಿತು.

ಮುಂದುವರಿಯಲು ಕಾರಣ ಬೇಕು ಅಂದರೆ ನಾನು ಬೇರೆ ಕಡೆ ನೋಡುತ್ತೇನೆ. ಡಿಸ್ನಿ 2019ರಲ್ಲಿ ಫಾಕ್ಸ್ ಕೊಂಡಾಗ ಅವತಾರ್ ಅದರ ಕೈಗೆ ಬಂತು. ಆದರೆ ಅದಕ್ಕೂ ಮುಂಚೆ, 2017ರಲ್ಲೇ, ಫ್ಲಾರಿಡಾದ ತನ್ನ ಪಾರ್ಕ್‌ನಲ್ಲಿ ಪ್ಯಾಂಡೋರಾ ಅಂತ ಒಂದು ಜಗತ್ತನ್ನೇ ಡಿಸ್ನಿ ಕಟ್ಟಿತ್ತು. ಕ್ಯಾಲಿಫೋರ್ನಿಯಾದಲ್ಲೂ ಅವತಾರ್ ಜಾಗ ಮಾಡುವ ಯೋಜನೆ ಹೇಳಿದ್ದಾರೆ. ಸಿನಿಮಾ ಬರುತ್ತಿದ್ದರೆ ಪಾರ್ಕ್‌ಗೆ ಜನ ಬರುತ್ತಾರೆ. ಆದ್ದರಿಂದ ನಾಲ್ಕನೆಯದನ್ನು ಬರೀ ಟಿಕೆಟ್ ಲೆಕ್ಕದಲ್ಲಿ ಅವರು ತೂಗಲಾರರು. ನಾನು ಮೇಲೆ ಬರೆದದ್ದು ಸಿನಿಮಾದ ಲೆಕ್ಕ. ಕಂಪನಿಯ ಲೆಕ್ಕಪುಸ್ತಕ ಅದಕ್ಕಿಂತ ದಪ್ಪ.


ಮಧ್ಯಂತರ:

ಹಾಗಾದರೆ ಒಂದು ಮಾಡಿ ಮುಗಿಸಬಹುದಲ್ಲ? ನಾಲ್ಕು ಮತ್ತು ಐದರ ಕಥೆ ಕುಗ್ಗಿಸಿ ಒಂದೇ ಸಿನಿಮಾ. ಮೂರೂವರೆ ಗಂಟೆ ಆದರೂ ಪರವಾಗಿಲ್ಲ, ಕೂತು ನೋಡುವವರು ನೋಡುತ್ತಾರೆ.


ಹಳೇ ಟರ್ಮಿನೇಟರ್:

ಕ್ಯಾಮರೂನ್ ಕುಗ್ಗಿಸುವುದಾ? ಎರಡನೇ ಭಾಗದ ಚಿತ್ರಕಥೆಯಲ್ಲಿ ಸರಕು ಜಾಸ್ತಿಯಾಯಿತು ಅಂತ ಅದನ್ನು ಒಡೆದು ಎರಡು ಮತ್ತು ಮೂರು ಮಾಡಿದವರು ಅವರು!

ಆದರೂ ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ಸ್ಟುಡಿಯೋದವರು ಕೇಳುವುದಾದರೆ ಇದನ್ನೇ ಕೇಳುತ್ತಾರೆ.


ನೀಲಿ ಬಾಲ:

ಅದು ಆದರೆ ನನ್ನ "ನಾಲ್ಕು ಬರುತ್ತದೆ, ಐದು ಕಷ್ಟ" ಅನ್ನುವುದು ಸ್ವಲ್ಪ ಬದಲಾದ ರೂಪದಲ್ಲಿ ನಿಂತಿತು. @ರೆಂಡರ್ ಆಗ್ತಿದೆ, ನಿಮ್ಮನ್ನು ಒಂದು ಕೇಳಬೇಕಿತ್ತು. ಸಂದರ್ಶನಗಳಲ್ಲಿ ದಿನಕ್ಕೊಂದು ಮಾತು ಬರುತ್ತಿರುತ್ತದೆ. ನಿಜವಾಗಿ ಮಾಡುತ್ತಿದ್ದಾರೆ ಅಂತ ಹೊರಗಿನವರಿಗೆ ಗೊತ್ತಾಗುವುದು ಯಾವಾಗ?


ರೆಂಡರ್ ಆಗ್ತಿದೆ:

ದಿನಾಂಕ ನೋಡಬೇಡಿ, ಸಂದರ್ಶನವನ್ನೂ ಜಾಸ್ತಿ ನಂಬಬೇಡಿ. ಕ್ಯಾಪ್ಚರ್ ಶುರುವಾದ ಸುದ್ದಿಗೆ ಕಾಯಿರಿ. ಎರಡನೆಯದಕ್ಕೆ ಅದು 2017ರಲ್ಲಿ ಶುರುವಾಗಿ ಸಿನಿಮಾ ಬಂದದ್ದು ಐದು ವರ್ಷದ ಮೇಲೆ. ಅದರಲ್ಲಿ ಕೋವಿಡ್‌ನದು ಒಂದಷ್ಟು ತೆಗೆಯಿರಿ, ಹೊಸ ತಂತ್ರ ಕಂಡುಹಿಡಿದದ್ದು ಒಂದಷ್ಟು ತೆಗೆಯಿರಿ. ಆದರೂ ನಟರು ಸ್ಟೇಜ್‌ಗೆ ಬಂದ ದಿನದಿಂದ ಮೂರು ವರ್ಷಕ್ಕಿಂತ ಕಡಿಮೆಯಲ್ಲಿ ಇಂಥ ಸಿನಿಮಾ ಮುಗಿಯುವುದು ನನಗೆ ಕಾಣುತ್ತಿಲ್ಲ. ಅಂದರೆ 2029ರ ಡಿಸೆಂಬರ್ ಉಳಿಯಬೇಕಾದರೆ 2026ರ ಕೊನೆಯ ಹೊತ್ತಿಗೆ ಅವರು ಆ ಬಿಗಿ ಉಡುಪು ಹಾಕಿರಬೇಕು. ಅಷ್ಟರಲ್ಲಿ ಆ ಸುದ್ದಿ ಬಾರದಿದ್ದರೆ ದಿನಾಂಕ ಮತ್ತೆ ಮುಂದಕ್ಕೆ ಹೋಗುತ್ತದೆ.

ವೇಟಾದವರು ದೊಡ್ಡ ಸಂಖ್ಯೆಯಲ್ಲಿ ಜನರನ್ನು ತೆಗೆದುಕೊಳ್ಳಲು ಶುರುಮಾಡಿದರೂ ಸುಳಿವು ಸಿಗುತ್ತದೆ. ನಮ್ಮ ಗುಂಪುಗಳಲ್ಲಿ ಅಂಥ ಸುದ್ದಿ ಪತ್ರಿಕೆಗಿಂತ ಮೊದಲೇ ಓಡಾಡುತ್ತದೆ. ಬಂದರೆ ಇಲ್ಲೇ ಹಾಕುತ್ತೇನೆ.


ಅರ್ಧ ಟಿಕೆಟ್:

ಹಾಕಿ, ನಾನೂ ನೋಡುತ್ತಿರುತ್ತೇನೆ. ಬಂದರೆ ಹೋಗಲ್ಲ ಅಂತ ಎಲ್ಲೂ ಹೇಳಿಲ್ಲ ನಾನು.